ರೋಸಾಲ್ಬಾ ಅವರ ಸ್ವಂತ ದನಿ

ಬೆಂಟ್ಲಿ

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬಸ್ಸಿನಿಂದ ಇಳಿಯುವಾಗ ಎಲ್ಲರೂ ಡ್ರೈವರಿಗೆ ಥ್ಯಾಂಕ್ಯೂ ಹೇಳುತ್ತಾರೆ. ಹಿಂದಿನ ಬಾಗಿಲಿನಿಂದ ಇಳಿಯುವವರು ಅಲ್ಲಿಂದಲೇ ಕೂಗಿ ಹೇಳುತ್ತಾರೆ. ಮೈಸೂರಿನ ಸಿಟಿ ಬಸ್ಸಿನಲ್ಲಿ ಇಳಿಯುವಾಗ ನಾವು ಕೂಗುವ ಮಾತೇ ಬೇರೆ. ಮೂರನೆಯ ದಿನ ಧೈರ್ಯ ಮಾಡಿ ನಾನೂ ಕೂಗಿದೆ. ಡ್ರೈವರ್ ಕನ್ನಡಿಯಲ್ಲಿ ಯಾರೋ ಹುಡುಗಿಯನ್ನು ಹುಡುಕಿದ. ಕಂಡದ್ದು ಅರವತ್ತು ದಾಟಿದ, ಸ್ವೆಟರಿನ ಮೇಲೆ ಶಾಲು ಹೊದ್ದ ಹೆಂಗಸು.

ನನ್ನ ದನಿ ಹಾಗಿದೆ. ಅದರಿಂದಲೇ ನನ್ನ ಜೀವನ ನಡೆದದ್ದು. ಮೂವತ್ತು ವರ್ಷ ಬೆಂಗಳೂರಿನ ಸ್ಟುಡಿಯೋಗಳಲ್ಲಿ ನಾನು ಡಬ್ಬಿಂಗ್ ಮಾಡಿದೆ. ಬೇರೆ ಊರಿನಿಂದ ಬರುವ ನಾಯಕಿಯರಿಗೆ ಕನ್ನಡ ಬರುವುದಿಲ್ಲ. ತೆರೆಯ ಮೇಲೆ ತುಟಿ ಅವರದು, ಮಾತು ನನ್ನದು. ಕೆಲವರಿಗೆ ಕನ್ನಡ ಬರುತ್ತಿತ್ತು, ಆದರೆ ದನಿ ಚೆನ್ನಾಗಿಲ್ಲ ಎಂದು ನನ್ನನ್ನು ಕರೆಯುತ್ತಿದ್ದರು. ಅಂಥ ಹುಡುಗಿಯರನ್ನು ನಾನು ಒಮ್ಮೆಯೂ ಭೇಟಿಯಾಗಿಲ್ಲ. ಅವರಿಗೆ ಏನನ್ನಿಸಿತೆಂದು ಯೋಚಿಸಿಯೂ ಇರಲಿಲ್ಲ.

ತಂಗಿಯ ಮಗಳು ಸಹನಾ ಇಲ್ಲಿಯ ಬೆಂಟ್ಲಿ ಬಡಾವಣೆಯ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಓದುತ್ತಾಳೆ. ನಾನು ಉಳಿದದ್ದು ಅವಳಲ್ಲಿ, ನಾಲ್ಕು ಹುಡುಗಿಯರು ಸೇರಿ ಹಿಡಿದ ಬಾಡಿಗೆ ಮನೆಯಲ್ಲಿ. ಫ್ರಿಜ್ಜಿನಲ್ಲಿ ಪ್ರತಿ ಡಬ್ಬಿಯ ಮೇಲೂ ಹೆಸರು. ಮೊದಲ ದಿನವೇ ನಾನು ತಿಳಿಯದೆ ಕೇರಳದ ಹುಡುಗಿಯ ಮೊಸರನ್ನು ಅನ್ನಕ್ಕೆ ಕಲಸಿಕೊಂಡು, ಸಂಜೆ ಅವಳ ಕ್ಷಮೆ ಕೇಳಬೇಕಾಯಿತು. ವಾರಕ್ಕೆ ಮೂರು ದಿನ ಸಹನಾ ಮೋರ್ಲಿಯ ಒಂದು ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಾಳೆ.

ನಾಲ್ಕನೆಯ ದಿನ ಅವಳು ಕೇಳಿದಳು. "ದೊಡ್ಡಮ್ಮ, ನಮ್ ಹೋಮ್‌ನಲ್ಲಿ ಒಬ್ರು ಇಟಾಲಿಯನ್ ಆಕ್ಟ್ರೆಸ್ ಇದಾರೆ. ನಾಟಕ, ಸಿನಿಮಾ ಎಲ್ಲಾ ಮಾಡಿದಾರಂತೆ. ಸ್ಟಾಫ್ ಯಾರೂ ನಂಬಲ್ಲ. ನೀವು ಅದೇ ಲೈನ್‌ನವ್ರಲ್ವಾ, ಬಂದು ಮಾತಾಡ್ಸಿ. ಅವ್ರನ್ನ ನೋಡೋಕೆ ಅಂತ ಯಾರೂ ಬರಲ್ಲ."

"ನಾನು ಹೊರಗಿನವಳು. ಅವರಿಗೆ ಬೇಜಾರಾಗಲ್ವಾ?"

"ಅವ್ರನ್ನ ಕೇಳಿದೆ. ಕರ್ಕೊಂಡ್ ಬಾ ಅಂದ್ರು. ಬೇಗ ಬನ್ನಿ ದೊಡ್ಡಮ್ಮ. ಹಾರ್ಟ್ ತುಂಬಾ ವೀಕ್ ಆಗ್ಬಿಟ್ಟಿದೆ ಅವ್ರಿಗೆ."

ಮೋರ್ಲಿ

ಮೋರ್ಲಿಯ ದೊಡ್ಡ ಮಾಲ್ ದಾಟಿ ಎರಡು ಬೀದಿ ಒಳಗೆ ಹೋದರೆ ಆ ಕಟ್ಟಡ. ಕಿರಿದಾದ ಕಾರಿಡಾರಿನಲ್ಲಿ ಬೇಯಿಸಿದ ಕ್ಯಾರೆಟ್ಟಿನ ವಾಸನೆ. ಬಾಗಿಲುಗಳ ಮೇಲೆ ಒಳಗಿರುವವರ ಹರೆಯದ ಫೋಟೋಗಳು. ರೋಸಾಲ್ಬಾ ಅವರ ಬಾಗಿಲಿನಲ್ಲಿ ಫೋಟೋ ಇರಲಿಲ್ಲ.

ತೊಂಬತ್ತಕ್ಕೆ ಹತ್ತಿರವಾದ ದೇಹ, ಮುಖದಲ್ಲಿ ಮೂಳೆಯೇ ಹೆಚ್ಚು. ಬೆನ್ನಿಗೆ ಮೂರು ದಿಂಬು. ಅವರು ಬಾಯಿ ತೆರೆದಾಗ ನಾನು ಬೆಚ್ಚಿದೆ. ಒಡೆದ, ದಪ್ಪನೆಯ, ಗಂಡಸಿನಂಥ ದನಿ. ಆ ನಿಶ್ಶಕ್ತ ಎದೆಯಿಂದ ಹೊರಟದ್ದು ಕೋಣೆಯ ಮೂಲೆ ಮೂಲೆಗೂ ಮುಟ್ಟಿತು. ನಾಟಕದವರ ದನಿ ಅದು. ಕಡೆಯ ಬೆಂಚಿನವರನ್ನು ಮೊದಲು ಮಾತಾಡಿಸುವ ದನಿ.

"ನಿನ್ನ ಹುಡುಗಿ ಹೇಳಿದಳು, ನೀನು ಸಿನಿಮಾದವಳಂತೆ" ಎಂದರು ಇಂಗ್ಲಿಷಿನಲ್ಲಿ. "ಏನು ಪಾರ್ಟು?"

"ನಾನು ತೆರೆಯ ಮೇಲೆ ಬರುವುದಿಲ್ಲ. ಬೇರೆಯವರಿಗೆ ದನಿ ಕೊಡುತ್ತೇನೆ" ಎಂದೆ. ಹೆಮ್ಮೆಯಿಂದಲೇ ಹೇಳಿದೆ.

ಅವರು ಸಹನಾಳತ್ತ ತಿರುಗಿ, "ಇವಳನ್ನು ಹೊರಗೆ ಕಳಿಸು" ಎಂದರು.

ಸಹನಾ ಏನೋ ಹೇಳಲು ಹೋದಳು. ಅವರು ಮುಖವನ್ನು ಗೋಡೆಗೆ ತಿರುಗಿಸಿಬಿಟ್ಟರು. ನಾನು ಹೊರಗೆ ಬಂದು ಕಾರ್ ಪಾರ್ಕಿನ ಬೆಂಚಿನ ಮೇಲೆ ಕೂತೆ. ನಲವತ್ತು ನಿಮಿಷ ಅಲ್ಲೇ ಕೂತು, ಬೆಂಟ್ಲಿಗೆ ಹೋಗಬೇಕಾದವಳು ಎದುರು ದಿಕ್ಕಿನ ಬಸ್ಸು ಹತ್ತಿ ಕೊನೆಯ ಸ್ಟಾಪಿನಲ್ಲಿ ಇಳಿದೆ. ಇಳಿಯುವಾಗ ಡ್ರೈವರಿಗೆ ಏನೂ ಹೇಳಲಿಲ್ಲ.

ಮತ್ತೆ ಮೋರ್ಲಿ

ಎರಡು ದಿನ ಕಳೆದು ಸಹನಾ ಕೆಲಸದಿಂದಲೇ ಫೋನ್ ಮಾಡಿದಳು. "ದೊಡ್ಡಮ್ಮ, ನಿಮ್ಮನ್ನ ಕೇಳ್ತಿದಾರೆ. 'ಆ ದನಿ ಕಳ್ಳೀನ ಕರಿ' ಅಂದ್ರು. ಸಿಟ್ಟಿಲ್ಲ ಈಗ."

ಹೋದೆ. ಕುರ್ಚಿಯಲ್ಲಿ ಕೂತೆ. ಮೂರು ಮಧ್ಯಾಹ್ನಗಳಲ್ಲಿ, ಉಸಿರು ಕಟ್ಟಿದಾಗ ನಿಲ್ಲಿಸುತ್ತ, ಅವರು ತಮ್ಮ ಕಥೆ ಹೇಳಿದರು.

ಉತ್ತರ ಇಟಲಿಯಲ್ಲಿ, ಒಂದು ದೊಡ್ಡ ನದಿ ಸಮುದ್ರ ಸೇರುವ ಕಡೆ, ಜವುಗಿನ ನಡುವೆ ಅವರ ಊರು. ತಂದೆ ಈಲು ಮೀನು ಹಿಡಿಯುತ್ತಿದ್ದರು. ಒಂದು ಸಂಚಾರಿ ನಾಟಕ ಕಂಪನಿ ಊರಿಗೆ ಬಂದು ಹೊರಟಾಗ ಹದಿನೇಳರ ರೋಸಾಲ್ಬಾ ಅದರ ಹಿಂದೆ ಹೊರಟರು. ಮೊದಲು ದಾಸಿಯ ಪಾತ್ರ, ಆಮೇಲೆ ರಾಣಿಯ ಪಾತ್ರ. ಮಿಲಾನಿನ ರಂಗಮಂದಿರದಲ್ಲಿ ಜನ ಆ ಒಡೆದ ದನಿ ಕೇಳಲೆಂದೇ ಬರುತ್ತಿದ್ದರಂತೆ. "ನಾನು ಪಿಸುಗುಟ್ಟಿದರೂ ಗ್ಯಾಲರಿಯವರು ಅಳುತ್ತಿದ್ದರು" ಎಂದರು.

ಅಲ್ಲಿಂದ ಸಿನಿಮಾ. ಮುಖ ಚೆನ್ನಾಗಿತ್ತು, ಕರೆದರು. ಐದು ಸಿನಿಮಾ ಮಾಡಿದರು. ಅಲ್ಲಿ ಆಗ ಶೂಟಿಂಗಿನಲ್ಲಿ ದನಿ ಹಿಡಿಯುತ್ತಿರಲಿಲ್ಲ, ಎಲ್ಲವನ್ನೂ ಆಮೇಲೆ ಸ್ಟುಡಿಯೋದಲ್ಲಿ ಸೇರಿಸುವುದು. ಐದರಲ್ಲೂ ಅವರ ದನಿ ತೆಗೆದು, ಬೆಣ್ಣೆಯಂಥ ದನಿಯ ಮತ್ತೊಬ್ಬಳಿಂದ ಮಾತಾಡಿಸಿದರು. ಸಿನಿಮಾ ನೋಡಿದ ಜನ ನಾಟಕಕ್ಕೆ ಬರತೊಡಗಿದರು. ದುಃಖದ ದೃಶ್ಯದಲ್ಲಿ ಇವರು ಬಾಯಿ ತೆರೆದರೆ ಸಭೆ ನಗುತ್ತಿತ್ತು.

"ನನ್ನ ದನಿ ನಕಲಿ ಅಂದುಕೊಂಡರು. ನಾನು ನನ್ನನ್ನೇ ಅಣಕಿಸುತ್ತಿದ್ದೇನೆ ಅಂದುಕೊಂಡರು."

ನನ್ನ ಕೈ ನನ್ನ ಶಾಲಿನ ಅಂಚನ್ನು ಸುತ್ತುತ್ತಿತ್ತು.

ಜನರ ಆ ನಗುವನ್ನು ಸಹಿಸಲಾರದೆ, ಆಸ್ಟ್ರೇಲಿಯಾದ ಇಟಾಲಿಯನ್ ವಲಸಿಗರಿಗೆ ನಾಟಕವಾಡಲು ಹೊರಟ ಒಂದು ತಂಡದ ಜೊತೆ ಹಡಗು ಹತ್ತಿದರು. ಅಡಿಲೇಡಿನಲ್ಲಿ ತಂಡ ಒಡೆಯಿತು. ಅಲ್ಲಿ ಮನೆಗಳಿಗೆ ಹೆಂಚು ಹೊದಿಸುವ ಕೆಲಸದವನನ್ನು ಮದುವೆಯಾದರು. ಮಗಳು ಕ್ಲಾರಾ ಹುಟ್ಟಿದಳು. ಮಗಳಿಗೆ ಐದು ವರ್ಷವಾದಾಗ ರೋಮಿನಿಂದ ಪತ್ರ ಬಂತು. ಒಬ್ಬ ನಿರ್ದೇಶಕ ಇವರ ಊರಿನ ಕಡೆಯ ಮೀನುಗಾರರ ಕಥೆ ತೆಗೆಯುತ್ತಿದ್ದಾನೆ, ಆ ಸೀಮೆಯ ಮಾತಿನಲ್ಲೇ, ರೋಸಾಲ್ಬಾ ಅವರದೇ ದನಿಯಲ್ಲಿ.

"ಗಂಡ ಹೋಗು ಅಂದ. ಆರು ತಿಂಗಳು ಅಂತ ಹೋದೆ."

ಆರು ತಿಂಗಳು ಮೂರು ವರ್ಷವಾಯಿತು. ನಿರ್ದೇಶಕ ಕಾಯಿಲೆ ಬಿದ್ದ, ಶೂಟಿಂಗ್ ನಿಂತು ನಿಂತು ನಡೆಯಿತು. ಎರಡನೆಯ ವರ್ಷ ಟೆಲಿಗ್ರಾಂ ಬಂತು. ಗಂಡ ಮಾಡಿನಿಂದ ಬಿದ್ದು ಸತ್ತಿದ್ದ. ಮಗುವನ್ನು ಸನ್ಯಾಸಿನಿಯರ ಅನಾಥಾಲಯಕ್ಕೆ ಸೇರಿಸಿದ್ದರು. ಕೊನೆಯ ದೃಶ್ಯ ಇನ್ನೂ ಬಾಕಿ ಇತ್ತು.

"ಹೋಗಲಿಲ್ಲ" ಎಂದರು ರೋಸಾಲ್ಬಾ. "ಆ ದೃಶ್ಯಕ್ಕಾಗಿಯೇ ಬಂದಿದ್ದೆ. ಮಾಡಿದೆ. ಆಮೇಲೆ ದನಿ ಸೇರಿಸಲು ಕರೆಯುತ್ತಾರೆ ಅಂತ ರೋಮಿನಲ್ಲಿ ಕಾದೆ. ಇವತ್ತು ಕರೆಯುತ್ತಾರೆ, ನಾಳೆ ಕರೆಯುತ್ತಾರೆ. ಒಂದು ದಿನ ಬೀದಿಯಲ್ಲಿ ಪೋಸ್ಟರ್ ನೋಡಿದೆ. ಸಿನಿಮಾ ಬಂದುಬಿಟ್ಟಿತ್ತು. ಒಳಗೆ ಹೋಗಿ ಕೂತೆ. ನಾನು ಬಾಯಿ ತೆರೆದೆ, ಆ ಬೆಣ್ಣೆ ಹೊರಗೆ ಬಂತು."

ನಿರ್ದೇಶಕ ಅಷ್ಟರಲ್ಲಿ ಸತ್ತಿದ್ದ. ನಿರ್ಮಾಪಕ ಜನಕ್ಕೆ ಅರ್ಥವಾಗುವ ಭಾಷೆ ಬೇಕು ಎಂದು ಮಾತನ್ನೂ ಬದಲಿಸಿದ್ದ. ರೋಸಾಲ್ಬಾ ಅಡಿಲೇಡಿಗೆ ಮರಳಿ ಬಂದರು. ಎಂಟು ವರ್ಷದ ಮಗಳು ಅವರನ್ನು ಹತ್ತಿರ ಸೇರಿಸಲಿಲ್ಲ. ಅಪ್ಪನ ಸಾವಿಗೆ ಬರಲಿಲ್ಲವೆಂಬ ಸಿಟ್ಟು ಎಂದರು. ಹದಿನೇಳಕ್ಕೆ ಮನೆ ಬಿಟ್ಟು ಬ್ರಿಸ್ಬೇನಿಗೆ ಹೋದವಳು ತಿರುಗಿ ನೋಡಲಿಲ್ಲ.

"ನೀನು ಬ್ರಿಸ್ಬೇನಿಗೆ ಹೋಗುತ್ತಿದ್ದೀಯಂತೆ" ಎಂದರು ಮೂರನೆಯ ದಿನ. "ಅವಳು ನನ್ನ ಫೋನ್ ತೆಗೆಯುವುದಿಲ್ಲ. ನಿನ್ನ ಫೋನಿನಲ್ಲಿ ನನ್ನ ದನಿ ಹಿಡಿದುಕೊ. ಕೇಳಿಸು. ಬೇರೇನೂ ಹೇಳಬೇಡ."

ಸಹನಾ ದಿಂಬು ಏರಿಸಿದಳು. ಅವರು ಕಣ್ಣು ಮುಚ್ಚಿ ನಾಲ್ಕು ನಿಮಿಷ ತಮ್ಮ ಭಾಷೆಯಲ್ಲಿ ಮಾತಾಡಿದರು. ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ಮುಗಿದಾಗ ತುಟಿ ನೀಲಿಯಾಗಿತ್ತು.

ಕ್ಯಾಲಮ್‌ವೇಲ್

ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿ ನನ್ನ ಕಾಲೇಜು ಗೆಳತಿ ವೀಣಾ ಇದ್ದಾಳೆ. ಅವಳ ಬೀದಿಯಲ್ಲಿ ಏಳು ದೇಶದ ಅಡುಗೆಯ ವಾಸನೆ. ಅವಳ ಮೊಮ್ಮಗಳು ನನ್ನ ಕನ್ನಡವನ್ನೆಲ್ಲ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ. ಬೆಳಗ್ಗೆ ವಾಕಿಂಗಿಗೆ ಹೊರಟಾಗ ಕಪ್ಪು ಬಿಳುಪಿನ ಒಂದು ಹಕ್ಕಿ ಹಿಂದಿನಿಂದ ಹಾರಿ ಬಂದು ನನ್ನ ಕಿವಿಯ ಮೇಲೆ ಕುಕ್ಕಿತು. ರಕ್ತ ಕುತ್ತಿಗೆಗೆ ಇಳಿಯಿತು.

"ಮ್ಯಾಗ್‌ಪೈ ಕಣೇ ಪದ್ಮಾ! ಮರಿ ಇರೋ ಸೀಸನ್ನು. ನಿಂಗೆ ಹೇಳೋದೇ ಮರ್ತ್‌ಬಿಟ್ಟೆ" ಎಂದು ವೀಣಾ ಹತ್ತಿ ಒತ್ತಿದಳು. "ಮರಿ ಹತ್ರ ಯಾರ್ ಹೋದ್ರೂ ಬಿಡಲ್ಲ ಅವು."

ಹೀಗೆ ಕಿವಿಗೆ ಪಟ್ಟಿ ಕಟ್ಟಿಕೊಂಡೇ ನಾನು ಕ್ಲಾರಾ ಅವರನ್ನು ನೋಡಲು ಹೋದೆ. ಸಹನಾ ಮೊದಲೇ ಫೋನ್ ಮಾಡಿ ಒಪ್ಪಿಸಿದ್ದಳು. ಒಂದು ಕಾಫಿ ಅಂಗಡಿಯಲ್ಲಿ ಭೇಟಿ. ಅರವತ್ತರ ಆಚೀಚಿನ, ಬಿಸಿಲಿಗೆ ಕಂದಿದ ತೋಳಿನ ಹೆಂಗಸು, ಶಾಲಾ ಬಸ್ ಓಡಿಸಿ ನಿವೃತ್ತರಾದವರು. ಕಾಫಿ ತರಿಸಿದರು, ಕುಡಿಯಲಿಲ್ಲ.

"ಅವಳು ಸಾಯುತ್ತಿದ್ದಾಳಾ?"

"ಹೌದು."

"ಸರಿ."

ನಾನು ಫೋನು, ಕಿವಿಗೆ ಹಾಕುವ ವೈರು ಮುಂದಿಟ್ಟೆ. ಅವರು ಹಾಕಿಕೊಂಡರು. ಅರ್ಧ ನಿಮಿಷ ಕೇಳಿರಬೇಕು. ಕಿತ್ತು ಮೇಜಿನ ಮೇಲಿಟ್ಟರು.

"ನನಗೆ ಈ ಭಾಷೆ ಬರಲ್ಲ. ಇಂಗ್ಲಿಷ್ ಬಿಟ್ಟು ಬೇರೆ ಆಡಿದರೆ ಅನಾಥಾಲಯದ ಸಿಸ್ಟರ್‌ಗಳು ಊಟ ಕೊಡುತ್ತಿರಲಿಲ್ಲ. ಮರೆತೆ." ಆಮೇಲೆ ಕೇಳಿದರು. "ನನಗೆ ಯಾಕೆ ಅವಳನ್ನು ಕಂಡರೆ ಆಗಲ್ಲ ಅಂತ ಹೇಳಿದಳಾ?"

"ನಿಮ್ಮ ತಂದೆಯ ಸಾವಿಗೆ ಬರಲಿಲ್ಲ ಅಂತ."

ಕ್ಲಾರಾ ಅಲ್ಲವೆಂದು ತಲೆಯಾಡಿಸಿದರು. "ಅದು ದೊಡ್ಡವಳಾದ ಮೇಲೆ ಬಂದ ಸಿಟ್ಟು. ಮೊದಲಿನದು ಬೇರೆ. ಅವಳು ಹೋದ ಮೇಲೆ ನಾನು ದಿನಾ ಅಳುತ್ತಿದ್ದೆ. ಅಡಿಲೇಡಿನ ಇಟಾಲಿಯನ್ ಕ್ಲಬ್ಬಿನಲ್ಲಿ ಅವಳ ಹಳೆಯ ಸಿನಿಮಾ ಒಂದಿತ್ತು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ತೋರಿಸುತ್ತಿದ್ದ. ನೋಡು ಅಮ್ಮ, ಕೇಳು ಅಮ್ಮ ಮಾತಾಡುತ್ತಿದ್ದಾಳೆ, ಅನ್ನುತ್ತಿದ್ದ. ಎಷ್ಟು ಮೆತ್ತಗಿನ ದನಿ ಅದು! ಅಪ್ಪ ಸತ್ತ ಮೇಲೆ ಸಿಸ್ಟರ್‌ಗಳ ಹತ್ತಿರ ಇದ್ದಾಗ ಆ ದನಿಯನ್ನೇ ನೆನೆಸಿಕೊಂಡು ಮಲಗುತ್ತಿದ್ದೆ. ನಿಜವಾದದ್ದು ಮರೆತೇ ಹೋಗಿತ್ತು. ಒಂದು ದಿನ ಬಾಗಿಲಿಗೆ ಒಬ್ಬಳು ಬಂದಳು. ಮುಖ ಅಮ್ಮನದು. ಕ್ಲಾರಾ ಅಂದಳು. ಗಂಡಸಿನ ದನಿ. ನಾನು ಕಿರುಚಿ ಸಿಸ್ಟರ್ ಹಿಂದೆ ಅಡಗಿಕೊಂಡೆ. ಯಾರೋ ಅಮ್ಮನ ಮುಖ ಹಾಕಿಕೊಂಡು ಬಂದಿದ್ದಾರೆ ಅಂದುಕೊಂಡೆ. ಎಂಟು ವರ್ಷ ನನಗೆ. ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಆಮೇಲೆ ಸತ್ಯ ತಿಳಿಯಿತು. ಆದರೆ ಪ್ರೀತಿ ಹುಟ್ಟಲಿಲ್ಲ."

"ಅವರಿಗೆ ಇದನ್ನು ಹೇಳಿದ್ದಿರಾ?"

"ಹೇಗೆ ಹೇಳೋದು?"

ನನ್ನ ಕಸುಬು ಏನೆಂದು ಅವರು ಕೇಳಲಿಲ್ಲ. ನಾನು ಹೇಳಲೂ ಇಲ್ಲ. ಆ ಸಿಹಿ ದನಿಯ ಹೆಂಗಸು ಯಾವುದೋ ಕತ್ತಲ ಸ್ಟುಡಿಯೋದಲ್ಲಿ ನೀರು ಕುಡಿದು, ಗಂಟಲು ಸರಿ ಮಾಡಿಕೊಂಡು, ತನ್ನ ಕೆಲಸ ಚೆನ್ನಾಗಿಯೇ ಮಾಡಿ ಮನೆಗೆ ಹೋಗಿದ್ದಳು. ನಾನೂ ಹಾಗೆಯೇ ಎಷ್ಟೋ ಸಂಜೆ ಮನೆಗೆ ಹೋಗಿದ್ದೇನೆ.

ಎದ್ದು ನಿಂತು ಕ್ಲಾರಾ ಹೇಳಿದರು. "ಅಡಿಲೇಡಿನಲ್ಲಿ ಬ್ರೂನೋ ಅಂತ ಇದ್ದಾರೆ. ಆ ಕ್ಲಬ್ಬಿನ ನಾಟಕ ನಡೆಸುತ್ತಿದ್ದವರು. ಅವಳ ಊರಿನ ಕಡೆಯವರು, ಆ ಮಾತು ಅವರಿಗೆ ಮಾತ್ರ ತಿಳಿಯೋದು. ಕಿವಿ ಮಂದ, ಫೋನಿನಲ್ಲಿ ಆಗಲ್ಲ. ನೀವು ಹೋಗಿ ಕೇಳಿಸೋದಾದರೆ ಕೇಳಿಸಿ. ಅದರಲ್ಲಿ ಸಾರಿ ಅಂತ ಇದ್ದರೆ ನನಗೆ ಫೋನ್ ಮಾಡಿ. ಇಲ್ಲದಿದ್ದರೆ ಮಾಡಬೇಡಿ."

ಅಡಿಲೇಡ್

ಹೇಗೂ ಪರ್ತ್‌ಗೆ ಮರಳಬೇಕಿತ್ತು. ವೀಣಾ ಅಡಿಲೇಡ್ ದಾರಿಯ ಟಿಕೆಟ್ ಮಾಡಿಸಿದಳು, ಚೀಲಕ್ಕೆ ಕಿತ್ತಳೆ ತುಂಬಿದಳು. ಅಡಿಲೇಡಿನಲ್ಲಿ ಹೊರಗಿನ ಹಣ್ಣು ಒಳಗೆ ಬಿಡುವುದಿಲ್ಲ, ಹಣ್ಣು ಕೊರೆಯುವ ನೊಣದ ಭಯ. ಅಷ್ಟನ್ನೂ ವಿಮಾನ ನಿಲ್ದಾಣದ ತೊಟ್ಟಿಗೆ ಒಂದೊಂದಾಗಿ ಹಾಕಿದೆ. ಪಕ್ಕದಲ್ಲಿ ಇನ್ನೊಬ್ಬ ಮುದುಕಿ ಸೇಬು ಹಾಕುತ್ತಿದ್ದಳು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

ಬ್ರೂನೋ ಹಿತ್ತಲಲ್ಲಿ ಕೂತು ಅಗಲ ಕಾಯಿಯ ಬೀನ್ಸ್ ಬಿಡಿಸುತ್ತಿದ್ದರು. ಕಾಳನ್ನು ಬಿಸಿನೀರಿಗೆ ಹಾಕಿ ಹಿಸುಕಿ ಒಳಗಿನ ಬೇಳೆ ತೆಗೆಯುತ್ತಿದ್ದರು, ನಮ್ಮ ಹಿತಕಿದವರೆಯ ಹಾಗೆಯೇ. ನಾನೂ ಕೈ ಹಾಕಿದೆ. ನನಗೆ ಅಭ್ಯಾಸವಿದೆಯೆಂದು ಕಂಡು ಮೆಚ್ಚಿದರು.

"ರೋಸಾಲ್ಬಾ ಇಲ್ಲಿ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದಳು" ಎಂದರು. "ಶನಿವಾರ ಮಾತ್ರ ಕ್ಲಬ್ಬಿನ ಹಾಲ್‌ನಲ್ಲಿ ನಾಟಕ. ಇಪ್ಪತ್ತು ವರ್ಷ. ಹಾಲ್ ತುಂಬಿರುತ್ತಿತ್ತು. ಹೆಂಗಸರು ಕರವಸ್ತ್ರ ತಂದಿರುತ್ತಿದ್ದರು. ಆಮೇಲೆ ಮುದುಕರು ಸಾಯುತ್ತ ಹೋದರು, ಮಕ್ಕಳಿಗೆ ಭಾಷೆ ಬರಲ್ಲ. ಕೊನೆಯ ನಾಟಕಕ್ಕೆ ಒಂಬತ್ತು ಜನ. ಅವರಲ್ಲಿ ಇಬ್ಬರು ನಿದ್ದೆ ಮಾಡಿದರು. ಅವಳು ಒಂದು ಮಾತೂ ಬಿಡದೆ ಪೂರ್ತಿ ಆಡಿದಳು. ಕ್ಲಬ್ಬಿನವರು ಹಾಲ್ ಮಾರಿದ ಮೇಲೆ ಒಬ್ಬ ಗೆಳತಿಯ ಜೊತೆ ಪರ್ತ್‌ಗೆ ಹೋದಳು. ಆ ಗೆಳತಿಯೂ ಈಗಿಲ್ಲ."

ಆ ಹಾಲ್ ತೋರಿಸಿದರು. ಈಗ ಅದು ಜಿಮ್ಮು. ವೇದಿಕೆಯಿದ್ದ ಕಡೆ ಯುವಕರು ಕನ್ನಡಿಯೆದುರು ಭಾರ ಎತ್ತುತ್ತಿದ್ದರು. ಹೊರಗೆ ಕಟ್ಟೆಯ ಮೇಲೆ ಕೂತು ಬ್ರೂನೋ ಫೋನನ್ನು ಕಿವಿಗೆ ಒತ್ತಿ ಹಿಡಿದರು. ನಾಲ್ಕು ನಿಮಿಷ. ಮತ್ತೊಮ್ಮೆ ಹಾಕಿಸಿ ಕೇಳಿದರು.

"ಇದು ಆ ಸಿನಿಮಾದ ಕೊನೆಯ ದೃಶ್ಯ" ಎಂದರು. "ಮೀನುಗಾರರ ಹೆಂಗಸು ಮಗಳನ್ನು ಬಿಟ್ಟು ದೋಣಿ ಹತ್ತುತ್ತಾಳೆ. ಮೊದಲು ಬರೆದಿದ್ದ ಮಾತು, ಬದಲಿಸಿದ್ದಲ್ಲ. ನಾನು ಇಲ್ಲೇ ಉಳಿದರೆ ಒಂದು ದಿನ ನಿನ್ನನ್ನು ದ್ವೇಷಿಸುತ್ತೇನೆ, ಅದಕ್ಕೇ ಹೋಗುತ್ತಿದ್ದೇನೆ ಅನ್ನುತ್ತಾಳೆ. ಸಿನಿಮಾದಲ್ಲಿ ಅದನ್ನು ತೆಗೆದು, ಅಳಬೇಡ ಕಂದಾ ಬೇಗ ಬರುತ್ತೇನೆ, ಅಂತ ಹಾಕಿದ್ದರು."

"ಕ್ಷಮೆ ಕೇಳುವ ಮಾತು ಎಲ್ಲಾದರೂ ಇದೆಯಾ?"

"ಇಲ್ಲ."

ಮೂವತ್ತು ವರ್ಷ ಬೇರೆಯವರ ಬಾಯಿಗೆ ಮಾತು ಹೊಂದಿಸಿದವಳಿಗೆ ಒಂದು 'ಸಾರಿ' ಹೊಂದಿಸುವುದು ಕಷ್ಟವಲ್ಲ. ಕ್ಲಾರಾ ಅವರ ನಂಬರ್ ತೆರೆದು ಆ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದೆ. ಬ್ರೂನೋ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಫೋನನ್ನು ಚೀಲದೊಳಗೆ ಹಾಕಿದೆ.

ಮತ್ತೆ ಪರ್ತ್

ರೋಸಾಲ್ಬಾ ಅವರ ಮೂಗಿಗೆ ಆಮ್ಲಜನಕದ ಕೊಳವೆ ಬಂದಿತ್ತು. ನನ್ನನ್ನು ಕಂಡೊಡನೆ ಕೇಳಿದರು. "ಎಷ್ಟು ಕೇಳಿದಳು?"

"ಅರ್ಧ ನಿಮಿಷ."

"ಅಷ್ಟರಲ್ಲಿ ನಾನಿನ್ನೂ ದೋಣಿಯ ಹತ್ತಿರವೂ ಬಂದಿರಲ್ಲ" ಎಂದು ಕಣ್ಣು ಮುಚ್ಚಿದರು.

ಮಗಳಿಗೆ ಬೇರೇನೂ ಹೇಳಬೇಡ ಎಂದಷ್ಟೇ ಅವರು ಅಂದಿದ್ದರು. ಮಗಳು ಹೇಳಿದ್ದನ್ನು ಅವರಿಗೆ ಹೇಳಬಾರದೆಂದು ಯಾರೂ ಅಂದಿರಲಿಲ್ಲ. ಸಹನಾಳನ್ನು ಪಕ್ಕಕ್ಕೆ ಕರೆದು ಕೇಳಿದೆ, ಅವರ ಎದೆ ತಡೆದೀತೇ ಎಂದು. "ಹೇಳಿ ದೊಡ್ಡಮ್ಮ. ಅವ್ರಿಗೆ ಇನ್ನು ಟೈಮಿಲ್ಲ" ಎಂದಳು. ನಾನು ಎಲ್ಲವನ್ನೂ ಹೇಳಿದೆ. ಅಪ್ಪನ ಹೆಗಲು, ಕ್ಲಬ್ಬಿನ ಪರದೆ, ಅನಾಥಾಲಯದ ಬಾಗಿಲು, ಕಿರುಚಿದ್ದು.

"ದನಿಗಾ?" ಎಂದರು ಅವರು. "ನನ್ನ ದನಿ ಕೇಳಿ ಹೆದರಿದಳಾ?" ಐವತ್ತಕ್ಕೂ ಹೆಚ್ಚು ವರ್ಷ ಅವರು ತಪ್ಪಾದ ಕಾರಣ ಹೊತ್ತುಕೊಂಡು ಬದುಕಿದ್ದರು. ನಿಜವಾದ ಕಾರಣ ಕೇಳಿ ಹಗುರಾದಂತೆಯೂ ಕಾಣಲಿಲ್ಲ. ಮುಖ ಇನ್ನಷ್ಟು ಕುಗ್ಗಿತು.

ಸ್ವಲ್ಪ ಹೊತ್ತಾದ ಮೇಲೆ ನನ್ನ ಮಣಿಕಟ್ಟು ಹಿಡಿದರು. "ನಿನಗೆ ಆ ದನಿ ಬರುತ್ತಲ್ಲ, ಬೆಣ್ಣೆ ದನಿ. ಅವಳಿಗೆ ಫೋನ್ ಮಾಡು. ನಾನು ಮೆಲ್ಲಗೆ ಹೇಳ್ತೀನಿ, ನೀನು ಅವಳು ಇಷ್ಟಪಟ್ಟ ದನಿಯಲ್ಲಿ ಹೇಳು."

ಅದು ಅವರ ಬಾಯಿಂದ ಬಂದ ಮಾತು ಎಂದು ನಂಬಲು ನನಗೆ ಸಮಯ ಬೇಕಾಯಿತು. ಬೇಡ ಎನ್ನಬೇಕಿತ್ತು. ಆ ಬೆರಳುಗಳನ್ನು ನೋಡಿ ಎನ್ನಲಾಗಲಿಲ್ಲ. ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಕ್ಲಾರಾ ಎತ್ತಿಕೊಂಡು, "ಸಾರಿ ಅಂತ ಇತ್ತಾ?" ಎಂದರು.

"ಇರಲಿಲ್ಲ. ಆದರೆ ಈಗ ಅವರು ನನ್ನ ಮೂಲಕ ಮಾತಾಡಬೇಕಂತೆ" ಎಂದೆ. ರೋಸಾಲ್ಬಾ ನನ್ನ ಕಿವಿಯ ಹತ್ತಿರ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. ನಾನು ಗಂಟಲು ಸರಿ ಮಾಡಿಕೊಂಡು, ಮೂವತ್ತು ವರ್ಷದ ಅಭ್ಯಾಸದ ದನಿಯಲ್ಲಿ ಶುರು ಮಾಡಿದೆ. "ಕ್ಲಾರಾ, ಮಗಳೇ, ಅವತ್ತು ಆ ಬಾಗಿಲಲ್ಲಿ..."

"ನಿಲ್ಲಿಸಿ" ಎಂದರು ಕ್ಲಾರಾ.

ನಿಲ್ಲಿಸಿದೆ.

"ನೀವು ಬೇಡ. ಅವಳಿಗೆ ಕೊಡಿ."

ಫೋನನ್ನು ರೋಸಾಲ್ಬಾ ಅವರ ಗಲ್ಲಕ್ಕೆ ಹತ್ತಿರ ಹಿಡಿದೆ. ಅವರು ಒಂದು ಸಲ ಉಸಿರೆಳೆದುಕೊಂಡರು. "ಕ್ಲಾರಾ" ಎಂದರು. ಅದೇ ಒಡೆದ ದನಿ. "ನಾನು ಬರಬೇಕಿತ್ತು. ಬರಲಿಲ್ಲ. ತಪ್ಪು ಮಾಡಿದೆ."

"ಕೇಳಿಸ್ತಿದೆ" ಎಂದರು ಕ್ಲಾರಾ. "ಇನ್ನೂ ಮಾತಾಡು."

ಇಲ್ಲಿನ ಕ್ಯಾರೆಟ್ಟಿಗೆ ಉಪ್ಪೇ ಇರಲ್ಲ ಎಂದರು ರೋಸಾಲ್ಬಾ. ಕಿಟಕಿಯಿಂದ ಬರೀ ಕಾರುಗಳು ಕಾಣುತ್ತವೆ ಎಂದರು. ನಿನ್ನ ಅಪ್ಪ ಶಿಳ್ಳೆ ಹೊಡೆಯುತ್ತಿದ್ದ, ನಿನಗೆ ನೆನಪಿದೆಯಾ ಎಂದರು. ನೆನಪಿದೆ ಎಂದರು ಕ್ಲಾರಾ. ಹತ್ತು ನಿಮಿಷಕ್ಕೆ ಉಸಿರು ಸೋತಿತು. ಶುಕ್ರವಾರ ಬರುತ್ತೇನೆ ಎಂದು ಹೇಳಿ ಕ್ಲಾರಾ ಫೋನಿಟ್ಟರು.

ರೋಸಾಲ್ಬಾ ಬುಧವಾರ ಬೆಳಗ್ಗೆ ತೀರಿಕೊಂಡರು. ಸಹನಾ ಡ್ಯೂಟಿಯಲ್ಲಿದ್ದಳು.

ಶವಸಂಸ್ಕಾರಕ್ಕೆ ನಾವು ಆರು ಜನ. ಪಾದ್ರಿ ಅವರನ್ನು ನಿವೃತ್ತ ಲಾಂಡ್ರಿ ಕೆಲಸಗಾರ್ತಿ ಎಂದರು. ಯಾರೋ ಕೊಟ್ಟ ಕಾಗದದಲ್ಲಿ ಅಷ್ಟೇ ಇತ್ತು. ಎರಡನೆಯ ಸಾಲಿನಿಂದ ಕ್ಲಾರಾ ಎದ್ದು ನಿಂತು, "ನಟಿ" ಎಂದು ತಿದ್ದಿ ಕೂತರು.

ಎಲ್ಲ ಮುಗಿದ ಮೇಲೆ ಹುಲ್ಲಿನ ಮೇಲೆ ನಿಂತು ಅವರು ಸಹನಾಳನ್ನು ಕೇಳಿದರು. "ಕೊನೆಯಲ್ಲಿ ಏನಾದರೂ ಹೇಳಿದಳಾ?"

ಸಹನಾ ನನ್ನ ಕಡೆ ನೋಡಿದಳು. ನನ್ನ ಬಾಯಿಗೆ ಒಂದು ಒಳ್ಳೆಯ ವಾಕ್ಯ ಬಂದು ನಿಂತಿತ್ತು. ಅದರಲ್ಲಿ ಕ್ಲಾರಾ ಅವರ ಹೆಸರಿತ್ತು, ಡಬ್ಬಿಂಗಿಗೆ ಬೇಕಾದ ಉದ್ದವೂ ಇತ್ತು. ನಾನು ಸುಮ್ಮನಿದ್ದೆ.

"ದಿಂಬು ಸ್ವಲ್ಪ ಮೇಲೆ ಮಾಡು ಅಂದರು" ಎಂದಳು ಸಹನಾ. "ಅಷ್ಟೇ."

"ಮಾಡಿದೆಯಾ?"

"ಮಾಡಿದೆ. ಎರಡು ಸಲ."

ಕ್ಲಾರಾ ಅವಳ ಕೈ ಹಿಡಿದುಕೊಂಡರು. ಕಾರು ಬರುವವರೆಗೂ ಬಿಡಲಿಲ್ಲ.